ಪ್ರೋಗ್ರೆಸಿವ್ ಮಲ್ಟಿಪಲ್ ಸ್ಕ್ಲೆರೋಸಿಸ್: ನುಂಗುವ ಔಷಧಗಳ ಸುರಕ್ಷತಾ ಪರೀಕ್ಷೆ

"ಚಪ್ಪಲಿ ಕಾಲಿಂದ ಜಾರಿದರೆ ನಿಮಗೆ ಗೊತ್ತಾಗುತ್ತಾ?" ಕಾಲಿನಲ್ಲಿ ಬಲವಿಲ್ಲ ಎಂದು ಬಂದವರನ್ನು ನಮ್ಮ ನರರೋಗ ತಜ್ಞರು ಕೇಳುವ ಪ್ರಶ್ನೆಗಳಲ್ಲಿ ಇದೊಂದು. ಜಾರುವುದು ಗೊತ್ತಾಗಿಯೂ ಬೆರಳಿನಿಂದ ಹಿಡಿದುಕೊಳ್ಳಲಾಗದಿದ್ದರೆ ತೊಂದರೆ ಬಲದ್ದು. ಜಾರಿದ್ದೇ ತಿಳಿಯದೆ ಬರಿಗಾಲಲ್ಲಿ ನಾಲ್ಕು ಹೆಜ್ಜೆ ಹೋಗಿ, ಯಾರೋ ಕೂಗಿದ ಮೇಲೆ ತಿರುಗಿ ನೋಡಿದರೆ ತೊಂದರೆ ಸ್ಪರ್ಶಜ್ಞಾನದ್ದು. ಪೀಣ್ಯದ ಕಾರ್ಖಾನೆಯಲ್ಲಿ ಪಾಳಿಯಿಡೀ ನಿಂತು ದುಡಿದು ನಾಗಸಂದ್ರ, ಬಾಗಲಗುಂಟೆ, ದಾಸರಹಳ್ಳಿಯ ಮನೆಗೆ ಮರಳುವ, ನಲವತ್ತು ದಾಟಿದ ಯಾರಿಗಾದರೂ ಹೀಗಾದರೆ ಮೊದಲು ನೆನಪಾಗುವುದು ಸೊಂಟದ ಡಿಸ್ಕ್, ಇಲ್ಲವೇ ಸಕ್ಕರೆ ಕಾಯಿಲೆ. ಎಣ್ಣೆ ತಿಕ್ಕಿ, ಬೆಲ್ಟು ಕಟ್ಟಿ ದಿನ ದೂಡುತ್ತಾರೆ. ಮಹಡಿ ಹತ್ತಲು ಕಂಬಿ ಬೇಕೇಬೇಕು ಎಂಬ ದಿನ ಬಂದಾಗ ಎಂಆರ್‌ಐ ಆಗುತ್ತದೆ. ಮಿದುಳಿನಲ್ಲಿ, ಮಿದುಳುಬಳ್ಳಿಯಲ್ಲಿ ಅಲ್ಲಲ್ಲಿ ಬಿಳಿಯ ಮಚ್ಚೆಗಳು ಕಾಣುತ್ತವೆ. ಆಗ ಕೇಳಿಬರುವ ಹೆಸರು ಮಲ್ಟಿಪಲ್ ಸ್ಕ್ಲೆರೋಸಿಸ್, ಬಳಕೆಯ ಮಾತಿನಲ್ಲಿ ಎಂಎಸ್.

ನರತಂತುಗಳ ಸುತ್ತ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಇರುತ್ತದೆ. ದೇಹವನ್ನು ಕಾಯಬೇಕಾದ ರಕ್ಷಣಾ ಕಣಗಳೇ ಆ ಹೊದಿಕೆಯನ್ನು ಕಿತ್ತುಹಾಕುವುದು ಈ ಕಾಯಿಲೆಯ ಮೂಲ. ಪ್ಯಾರಿಸ್ಸಿನ ಜ್ಯಾಂ-ಮಾರ್ತಾಂ ಶಾರ್ಕೊ 1868ರಲ್ಲಿ ಇದನ್ನು ಪ್ರತ್ಯೇಕ ಕಾಯಿಲೆಯೆಂದು ವಿವರಿಸಿದರು. ಹೆಚ್ಚಿನವರಲ್ಲಿ ಇದು ಬಂದು ಹೋಗುವ ರೂಪದಲ್ಲಿ ಆರಂಭವಾಗುತ್ತದೆ. ಒಂದು ಕಣ್ಣು ಮಂಜಾಗಿ ಕೆಲವು ವಾರಗಳಲ್ಲಿ ಸರಿಹೋಗುತ್ತದೆ, ಮತ್ತೊಮ್ಮೆ ಕೈ ಜೋಮು ಹಿಡಿದು ಬಿಡುತ್ತದೆ. ಇದು ರಿಲ್ಯಾಪ್ಸಿಂಗ್ ಮಾದರಿ. ವರ್ಷಗಳು ಕಳೆದ ಮೇಲೆ ದಾಳಿಗಳು ವಿರಳವಾಗಿ, ನಡಿಗೆ ಮಾತ್ರ ಸದ್ದಿಲ್ಲದೆ ಕುಗ್ಗುತ್ತ ಹೋದರೆ ಅದು ಸೆಕೆಂಡರಿ ಪ್ರೋಗ್ರೆಸಿವ್. ಶೇ 10ರಿಂದ 15ರಷ್ಟು ಮಂದಿಗೆ ಮೊದಲ ದಿನದಿಂದಲೇ ಈ ಇಳಿಜಾರು, ಅದು ಪ್ರೈಮರಿ ಪ್ರೋಗ್ರೆಸಿವ್. ರಿಲ್ಯಾಪ್ಸಿಂಗ್ ಮಾದರಿಯಲ್ಲಿ ಹೆಂಗಸರ ಸಂಖ್ಯೆ ಹೆಚ್ಚು. ಪ್ರೈಮರಿ ಪ್ರೋಗ್ರೆಸಿವ್‌ನಲ್ಲಿ ಗಂಡಸರು, ಹೆಂಗಸರು ಹೆಚ್ಚುಕಡಿಮೆ ಸಮಸಮ.

ಪ್ರೋಗ್ರೆಸಿವ್ ಮಾದರಿಗೆ ಔಷಧ ಸಿಕ್ಕಿದ್ದು ತೀರ ತಡವಾಗಿ. ಪ್ರೈಮರಿ ಪ್ರೋಗ್ರೆಸಿವ್ ಎಂಎಸ್‌ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿದ ಮೊದಲ ಔಷಧ ಓಕ್ರೆಲಿಜುಮ್ಯಾಬ್. ಅದು 2017ರ ಮಾರ್ಚ್‌ನಲ್ಲಿ ಬಂತು, ಅದೂ ಡ್ರಿಪ್ ಮೂಲಕ ಕೊಡುವಂಥದ್ದು. ಮನೆಯಲ್ಲೇ ನುಂಗಬಹುದಾದ ಮಾತ್ರೆಗಾಗಿ ಹುಡುಕಾಟ ಈಗಲೂ ನಡೆದಿದೆ. ಈ ಲೇಖನದ ವಿಷಯ ಆ ಹುಡುಕಾಟದ ಒಂದು ಮುಖ: ಮಾತ್ರೆ ಕೆಲಸ ಮಾಡುತ್ತದೆಯೇ ಎನ್ನುವಷ್ಟೇ ಮುಖ್ಯವಾದ, ಅದು ಕೆಡುಕು ಮಾಡುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಹುಡುಕುವ ಬಗೆ.

ಲೆಕ್ಕ ಯಾಕೆ ಕಠಿಣ

ಜ್ವರದ ಮಾತ್ರೆಯ ಒಳಿತು ಸಂಜೆಯೊಳಗೆ ಕಾಣುತ್ತದೆ. ಪ್ರೋಗ್ರೆಸಿವ್ ಎಂಎಸ್‌ನ ಮಾತ್ರೆ ಚೆನ್ನಾಗಿ ಕೆಲಸ ಮಾಡಿದರೂ ನುಂಗಿದವರಿಗೆ ಏನೂ ಅನ್ನಿಸದಿರಬಹುದು. ಅದು ಮಾಡುವುದು ಇಳಿಜಾರನ್ನು ಸ್ವಲ್ಪ ನಿಧಾನಗೊಳಿಸುವುದನ್ನು ಮಾತ್ರ. ಒಳಿತು ಕಣ್ಣಿಗೆ ಕಾಣದು, ಕೆಡುಕು ಮಾತ್ರ ಮೈಮೇಲೆ ಬರುತ್ತದೆ. ಈ ಕಾರಣಕ್ಕೇ ಇಲ್ಲಿ ಸುರಕ್ಷತೆಯ ತೂಕ ಬೇರೆಡೆಗಿಂತ ಹೆಚ್ಚು.

ಎರಡನೆಯ ತೊಡಕು ಇನ್ನೂ ಸೂಕ್ಷ್ಮವಾದದ್ದು. ಸುಸ್ತು, ಬೀಳುವುದು, ಮೂತ್ರದ ಸೋಂಕು, ಖಿನ್ನತೆ, ಕಾಲಿನ ಬಿಗಿತ ಇವೆಲ್ಲ ಕಾಯಿಲೆಯಿಂದಲೇ ಬರುತ್ತವೆ. ಮಾತ್ರೆ ಶುರು ಮಾಡಿದ ಮೂರನೇ ತಿಂಗಳು ಯಾರೋ ಬಚ್ಚಲಲ್ಲಿ ಜಾರಿಬಿದ್ದರೆ ಅದು ಔಷಧದ ಫಲವೇ, ಕಾಯಿಲೆಯ ಫಲವೇ? ಒಬ್ಬರನ್ನು ನೋಡಿ ಇದನ್ನು ಹೇಳಲು ಬಾರದು. ಸಾವಿರ ಜನರಲ್ಲಿ ಕೆಲವರಿಗೆ ನಿಜವಾದ ಮಾತ್ರೆ, ಕೆಲವರಿಗೆ ಅದೇ ಬಣ್ಣ, ಅದೇ ಗಾತ್ರದ ಹುಸಿಮಾತ್ರೆ ಕೊಟ್ಟು, ಯಾರಿಗೆ ಯಾವುದೆಂದು ವೈದ್ಯರಿಗೂ ತಿಳಿಸದೆ ಎಣಿಸಬೇಕು. ಸಿಪೊನಿಮಾಡ್ ಎಂಬ ಮಾತ್ರೆಯ 'ಎಕ್ಸ್‌ಪ್ಯಾಂಡ್' ಪ್ರಯೋಗದಲ್ಲಿ ಔಷಧ ಪಡೆದವರಲ್ಲಿ ಶೇ 89 ಮಂದಿ ಒಂದಲ್ಲ ಒಂದು ಅಡ್ಡಪರಿಣಾಮ ದಾಖಲಿಸಿದರು. ಕೇಳಿದರೆ ಎದೆ ಝಲ್ಲೆನ್ನುತ್ತದೆ. ಆದರೆ ಹುಸಿಮಾತ್ರೆ ಪಡೆದವರಲ್ಲೂ ಶೇ 82 ಮಂದಿ ಹಾಗೆಯೇ ದಾಖಲಿಸಿದ್ದರು. ಗಂಭೀರ ತೊಂದರೆಗಳು ಒಂದು ಕಡೆ ಶೇ 18, ಇನ್ನೊಂದು ಕಡೆ ಶೇ 15. ಔಷಧದ ಲೆಕ್ಕಕ್ಕೆ ಬರೆಯಬೇಕಾದ್ದು ಈ ಎರಡರ ನಡುವಿನ ಅಂತರವನ್ನು ಮಾತ್ರ.

ಅಪರೂಪದ ಕೆಡುಕುಗಳನ್ನು ಹಿಡಿಯುವುದಂತೂ ಸಂಖ್ಯೆಯ ಆಟ. ಸಂಖ್ಯಾಶಾಸ್ತ್ರಜ್ಞರಲ್ಲಿ 'ಮೂರರ ನಿಯಮ' ಎಂಬುದೊಂದಿದೆ. ಮುನ್ನೂರು ಮಂದಿಗೆ ಮಾತ್ರೆ ಕೊಟ್ಟು ಒಬ್ಬರಿಗೂ ಲಿವರ್ ಕೆಡಲಿಲ್ಲ ಎಂದಿಟ್ಟುಕೊಳ್ಳೋಣ. ಆಗಲೂ ನೂರಕ್ಕೊಬ್ಬರಿಗೆ ಕೆಡುವ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ, ಮೂರನ್ನು ಮುನ್ನೂರರಿಂದ ಭಾಗಿಸಿದರೆ ಬರುವ ಮೇಲ್ಮಿತಿ ಅದು. ಹತ್ತು ಸಾವಿರಕ್ಕೊಬ್ಬರಿಗೆ ಬರುವ ತೊಂದರೆಯನ್ನು ಸಾವಿರ ಮಂದಿಯ ಪ್ರಯೋಗ ಕಾಣದೇ ಹೋದರೆ ಅದು ಯಾರ ತಪ್ಪೂ ಅಲ್ಲ. ಅದನ್ನು ಕಾಣಬೇಕಾದವರು ಅಂಗಡಿಗೆ ಬಂದ ಮೇಲೆ ಮಾತ್ರೆ ನುಂಗುವವರು, ಬರೆದುಕೊಡುವವರು.

ಮೊದಲ ಮಾತ್ರೆಯ ಆರು ಗಂಟೆ

ಎಂಎಸ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಮೊದಲ ನುಂಗುವ ಔಷಧ ಫಿಂಗೋಲಿಮಾಡ್. ಅದರ ಮೂಲ ಒಂದು ಶಿಲೀಂಧ್ರ. ಕೀಟಗಳ ಮೇಲೆ ಬೆಳೆಯುವ ಆ ಶಿಲೀಂಧ್ರದಿಂದ ಸಿಕ್ಕ ವಸ್ತುವನ್ನು ಜಪಾನಿನ ಕ್ಯೋಟೊ ವಿಶ್ವವಿದ್ಯಾಲಯದ ತೆತ್ಸುರೊ ಫುಜಿತಾ ಮತ್ತು ಸಂಗಡಿಗರು ತಿದ್ದಿ ಔಷಧವಾಗಿಸಿದರು. 2010ರ ಸೆಪ್ಟೆಂಬರ್‌ನಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಲಿಂಫೊಸೈಟ್ ಎಂಬ ಬಿಳಿ ರಕ್ತಕಣಗಳನ್ನು ಇದು ಹಾಲ್ರಸ ಗ್ರಂಥಿಗಳಲ್ಲೇ ಕೂಡಿಹಾಕುತ್ತದೆ, ಮಿದುಳಿನತ್ತ ಹೋಗಗೊಡುವುದಿಲ್ಲ. ಆದರೆ ಇದು ಹಿಡಿಯುವ ಗ್ರಾಹಿಗಳು ಹೃದಯದಲ್ಲೂ ಇವೆ. ಹಾಗಾಗಿ ಮೊದಲ ಡೋಸ್ ನುಂಗಿದ ಕೆಲವು ಗಂಟೆಗಳಲ್ಲಿ ನಾಡಿಬಡಿತ ಇಳಿಯುತ್ತದೆ.

ಅದಕ್ಕೆಂದೇ ಮೊದಲ ಮಾತ್ರೆಯ ದಿನ ಆಸ್ಪತ್ರೆಯಲ್ಲಿ ಆರು ಗಂಟೆ ಕೂರಬೇಕು. ಮಾತ್ರೆಗೆ ಮುಂಚೆ ಒಂದು ಇಸಿಜಿ. ಆಮೇಲೆ ಗಂಟೆಗೊಮ್ಮೆ ನಾಡಿ, ಗಂಟೆಗೊಮ್ಮೆ ಬಿಪಿ, ಕೊನೆಗೆ ಮತ್ತೊಂದು ಇಸಿಜಿ. ಆರನೇ ಗಂಟೆಯ ನಾಡಿಯೇ ಎಲ್ಲಕ್ಕಿಂತ ಕೆಳಗಿದ್ದರೆ ಇನ್ನೂ ಕೂರಬೇಕು, ಏಕೆಂದರೆ ಇಳಿತ ಮುಗಿದಿಲ್ಲವೆಂದು ಅದರ ಅರ್ಥ. ಆ ಸಣ್ಣ ಕಾಗದದ ಮೇಲೆ ನರ್ಸ್ ಬರೆಯುವ ಅಂಕಿಗಳು, 78, 70, 62, 58, ಮತ್ತೆ 61, ಹೀಗೆ ಇಳಿದು ಏರಲು ತೊಡಗಿದಾಗ ಜೊತೆಗೆ ಬಂದವರ ಮುಖದಲ್ಲೂ ಗೆಲುವು ಕಾಣುತ್ತದೆ. ಬೆಳಗಿನ ಹಸಿರು ಮಾರ್ಗದ ಮೆಟ್ರೊ ಹಿಡಿದು ನಾಗಸಂದ್ರದಿಂದ ಲಾಲ್‌ಬಾಗ್, ಅಲ್ಲಿಂದ ಆಟೊದಲ್ಲಿ ನಿಮ್ಹಾನ್ಸ್ ಎಂದರೆ ಹೋಗಿಬರುವುದು ಸೇರಿ ಒಂದಿಡೀ ದಿನ, ಜೊತೆಗೊಬ್ಬರ ರಜೆ. ಈ ಖರ್ಚು ಯಾವ ಪ್ರಯೋಗದ ಕೋಷ್ಟಕದಲ್ಲೂ ಬರುವುದಿಲ್ಲ. ಅದೂ ಚಿಕಿತ್ಸೆಯ ಭಾಗವೆಂದೇ ಎಣಿಸಬೇಕು.

2011ರಲ್ಲಿ ಅಮೆರಿಕದಲ್ಲಿ 59 ವರ್ಷದ ರೋಗಿಯೊಬ್ಬರು ಮೊದಲ ಮಾತ್ರೆ ನುಂಗಿದ 24 ಗಂಟೆಯೊಳಗೆ ತೀರಿಕೊಂಡರು. ಎಫ್‌ಡಿಎ ತನಿಖೆ ಮಾಡಿತು. ಸಾವಿಗೆ ಔಷಧವೇ ಕಾರಣವೆಂದು ಖಚಿತವಾಗಿ ಹೇಳಲಾಗಲಿಲ್ಲ. ಆದರೂ 2012ರಲ್ಲಿ ನಿಯಮ ಬಿಗಿಯಾಯಿತು: ಹೃದಯದ ಕೆಲವು ತೊಂದರೆಗಳಿದ್ದವರಿಗೆ ಕೊಡಬಾರದು, ಅಪಾಯ ಹೆಚ್ಚಿದ್ದವರನ್ನು ರಾತ್ರಿಯಿಡೀ ನೋಡಿಕೊಳ್ಳಬೇಕು. ಇದರ ಜೊತೆ ಬೇರೆ ಎಚ್ಚರಿಕೆಗಳೂ ಇವೆ. ಅಕ್ಷಿಪಟಲದ ನಡುಭಾಗ ಊದಿಕೊಳ್ಳುವುದರಿಂದ ಮೂರು ನಾಲ್ಕು ತಿಂಗಳಿಗೆ ಕಣ್ಣಿನ ತಪಾಸಣೆ. ಸರ್ಪಸುತ್ತು ಕೆರಳುವುದರಿಂದ, ಚಿಕ್ಕಂದಿನಲ್ಲಿ 'ಅಮ್ಮ', ಅಂದರೆ ಚಿಕನ್ ಪಾಕ್ಸ್, ಆಗಿತ್ತೇ ಎಂಬ ವಿಚಾರಣೆ; ಆಗಿರದಿದ್ದರೆ ರಕ್ತದಲ್ಲಿ ಪ್ರತಿಕಾಯ ನೋಡಿ, ಬೇಕಾದರೆ ಲಸಿಕೆ. ಪಿಎಂಎಲ್ ಎಂಬ ಅಪರೂಪದ, ಮಾರಕವಾಗಬಲ್ಲ ಮಿದುಳಿನ ಸೋಂಕು. 2018ರಲ್ಲಿ ಇನ್ನೊಂದು ಎಚ್ಚರಿಕೆ ಬಂತು: ಮಾತ್ರೆ ನಿಲ್ಲಿಸಿದ ಮೇಲೆ ಅಂಗವೈಕಲ್ಯ ಏಕಾಏಕಿ ಹೆಚ್ಚಿದ 35 ಪ್ರಕರಣಗಳನ್ನು ಎಫ್‌ಡಿಎ ಗುರುತಿಸಿತ್ತು. ಅಡ್ಡಪರಿಣಾಮಕ್ಕೆ ಹೆದರಿ ತಾವಾಗಿ ಮಾತ್ರೆ ಬಿಡುವವರು ಮುಖ್ಯವಾಗಿ ಇದನ್ನು ತಿಳಿದಿರಬೇಕು. ಕೆಲವು ಔಷಧಗಳಲ್ಲಿ ಬಿಡುವುದೂ ವೈದ್ಯರ ಕಣ್ಣೆದುರೇ ಆಗಬೇಕಾದ ಕೆಲಸ.

ಇಷ್ಟಾಗಿಯೂ ಫಿಂಗೋಲಿಮಾಡ್ ಪ್ರೈಮರಿ ಪ್ರೋಗ್ರೆಸಿವ್ ಮಾದರಿಗೆ ಒದಗಲಿಲ್ಲ. 970 ಮಂದಿಯ 'ಇನ್‌ಫಾರ್ಮ್ಸ್' ಪ್ರಯೋಗದ ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ಔಷಧದ ಗುಂಪಿನಲ್ಲಿ ಶೇ 77.2, ಹುಸಿಮಾತ್ರೆಯ ಗುಂಪಿನಲ್ಲಿ ಶೇ 80.3 ಮಂದಿಯ ಸ್ಥಿತಿ ಹದಗೆಟ್ಟಿತ್ತು. ಒಳಿತು ಇಷ್ಟೇ ಆದಾಗ ಸಣ್ಣ ಅಪಾಯವನ್ನೂ ಹೊರಬೇಕಾದ ಕಾರಣವಿಲ್ಲ.

ಅದೇ ಮನೆತನದ ಸಿಪೊನಿಮಾಡ್‌ಗೆ ಗೆಲುವು ಸಿಕ್ಕಿತು. 31 ದೇಶಗಳ 1,651 ಸೆಕೆಂಡರಿ ಪ್ರೋಗ್ರೆಸಿವ್ ರೋಗಿಗಳನ್ನು ಸೇರಿಸಿಕೊಂಡ ಎಕ್ಸ್‌ಪ್ಯಾಂಡ್, ಸ್ಥಿತಿ ಹದಗೆಡುವ ಅಪಾಯ ಶೇ 21ರಷ್ಟು ಕಡಿಮೆಯಾಯಿತೆಂದು 2018ರಲ್ಲಿ ವರದಿ ಮಾಡಿತು. 2019ರ ಮಾರ್ಚ್‌ನಲ್ಲಿ ಎಫ್‌ಡಿಎ ಒಪ್ಪಿದ್ದು ದಾಳಿಗಳು ಇನ್ನೂ ನಿಲ್ಲದ, 'ಸಕ್ರಿಯ' ಸೆಕೆಂಡರಿ ಪ್ರೋಗ್ರೆಸಿವ್ ರೋಗಿಗಳಿಗೆ. ಫಿಂಗೋಲಿಮಾಡ್‌ನಿಂದ ಕಲಿತ ಪಾಠ ಇದರ ಪೊಟ್ಟಣದಲ್ಲೇ ಇದೆ. ಮೊದಲ ಐದು ದಿನ 0.25 ಮಿಲಿಗ್ರಾಂನಿಂದ ಮೆಟ್ಟಿಲು ಮೆಟ್ಟಿಲಾಗಿ ಏರಿ ಆರನೇ ದಿನ ಪೂರ್ಣ ಡೋಸ್. ಹೃದಯ ಗಟ್ಟಿಯಿದ್ದವರು ಆರು ಗಂಟೆ ಕೂರಬೇಕಿಲ್ಲ. ಆದರೆ ಈ ಐದು ದಿನಗಳಲ್ಲಿ ಒಂದು ಡೋಸ್ ತಪ್ಪಿ 24 ಗಂಟೆ ಮೀರಿದರೆ ಹೊಸ ಪೊಟ್ಟಣದಿಂದ, ಮೊದಲ ಮೆಟ್ಟಿಲಿನಿಂದ ಶುರು. ಆಮೇಲೆಯೂ ಸತತ ನಾಲ್ಕು ದಿನ ತಪ್ಪಿದರೆ ಅದೇ ಕಥೆ. ಜಾತ್ರೆಗೋ ಮದುವೆಗೋ ಊರಿಗೆ ಹೊರಡುವಾಗ ಮಾತ್ರೆಯ ಡಬ್ಬಿ ಮರೆಯುವುದು ಇಲ್ಲಿ ಸಣ್ಣ ತಪ್ಪಲ್ಲ.

ಸಿಪೊನಿಮಾಡ್ ಬರೆಯುವ ಮೊದಲು ಒಂದು ಜೀನ್ ಪರೀಕ್ಷೆ ಕಡ್ಡಾಯ. ಲಿವರ್‌ನಲ್ಲಿ ಈ ಔಷಧವನ್ನು ಕರಗಿಸುವ ಕಿಣ್ವದ ಹೆಸರು ಸಿವೈಪಿ2ಸಿ9. ಅದರ ಜೀನ್‌ನ '3' ಎಂಬ ರೂಪ ತಾಯಿಯಿಂದಲೂ ತಂದೆಯಿಂದಲೂ ಬಂದಿದ್ದರೆ ಔಷಧ ರಕ್ತದಲ್ಲಿ ಶೇಖರವಾಗುತ್ತದೆ, ಅಂಥವರಿಗೆ ಕೊಡುವಂತಿಲ್ಲ. ಒಬ್ಬರಿಂದ ಮಾತ್ರ ಬಂದಿದ್ದರೆ 2 ಮಿಲಿಗ್ರಾಂ ಬದಲು 1 ಮಿಲಿಗ್ರಾಂ. ಈ ರೂಪ ಚೀನಾ, ಜಪಾನ್ ಕಡೆಯವರಿಗಿಂತ ದಕ್ಷಿಣ ಏಷ್ಯಾದವರಲ್ಲಿ ಹೆಚ್ಚು ಕಾಣುತ್ತದೆ. ನಮ್ಮ ನರರೋಗ ವೈದ್ಯರಿಗೆ ಈ ಕಿಣ್ವ ಹೊಸದಲ್ಲ. ಮೂರ್ಛೆರೋಗಕ್ಕೆ ಕೊಡುವ ಫೆನಿಟೊಯಿನ್ ಕೂಡ ಇದೇ ದಾರಿಯಲ್ಲಿ ಕರಗುತ್ತದೆ. ಮಾಮೂಲಿ ಡೋಸ್‌ನಲ್ಲೇ ತೂರಾಡುತ್ತ ಬರುವ ರೋಗಿಗಳನ್ನು ಅವರು ಕಂಡಿದ್ದಾರೆ.

ಲಿವರ್‌ನ ತೊಂಬತ್ತು ದಿನ

ಸದ್ಯ ಎಲ್ಲರ ಕಣ್ಣು ಬಿಟಿಕೆ ಎಂಬ ಕಿಣ್ವವನ್ನು ತಡೆಯುವ ಮಾತ್ರೆಗಳ ಹೊಸ ಗುಂಪಿನ ಮೇಲಿದೆ. ರಕ್ತದಿಂದ ಮಿದುಳಿಗೆ ದಾಟಿ, ಅಲ್ಲೇ ನೆಲೆಸಿ ಹೊಗೆಯಾಡುವ ಉರಿಯೂತವನ್ನು ತಣಿಸುವುದು ಇವುಗಳ ಉದ್ದೇಶ. ಮುಂಚೂಣಿಯಲ್ಲಿರುವ ಟೋಲೆಬ್ರುಟಿನಿಬ್ ದಿನಕ್ಕೊಂದು, 60 ಮಿಲಿಗ್ರಾಂ ಮಾತ್ರೆ. ದಾಳಿಗಳು ನಿಂತುಹೋದ ಸೆಕೆಂಡರಿ ಪ್ರೋಗ್ರೆಸಿವ್ ರೋಗಿಗಳಿಗೆ ಅದುವರೆಗೆ ಏನೂ ಇರಲಿಲ್ಲ. ಅಂಥ 1,131 ಮಂದಿಯ 'ಹರ್ಕ್ಯುಲಿಸ್' ಪ್ರಯೋಗದ ವಿವರ 2025ರ ಏಪ್ರಿಲ್‌ನಲ್ಲಿ ಪ್ರಕಟವಾಯಿತು. ಆರು ತಿಂಗಳ ಕಾಲ ಉಳಿದ ಹದಗೆಡುವಿಕೆ ಔಷಧದ ಗುಂಪಿನಲ್ಲಿ ಶೇ 22.6, ಹುಸಿಮಾತ್ರೆಯ ಗುಂಪಿನಲ್ಲಿ ಶೇ 30.7. ಈ ಕ್ಷೇತ್ರದಲ್ಲಿ ಇದು ದೊಡ್ಡ ಅಂತರ.

ಆದರೆ ಅದಕ್ಕೆ ಸುಮಾರು ಮೂರು ವರ್ಷ ಮೊದಲೇ ಲಿವರ್ ಸದ್ದು ಮಾಡಿತ್ತು. ಕೆಲವರ ಲಿವರ್‌ಗೆ ಔಷಧದಿಂದ ಪೆಟ್ಟಾದದ್ದು ಕಂಡು ಎಫ್‌ಡಿಎ 2022ರ ಜೂನ್‌ನಲ್ಲಿ ಭಾಗಶಃ ತಡೆ ಹಾಕಿತು. ಅಮೆರಿಕದಲ್ಲಿ ಹೊಸಬರ ಸೇರ್ಪಡೆ ನಿಂತಿತು, ಸೇರಿ 60 ದಿನ ಆಗದವರ ಮಾತ್ರೆಯೂ ನಿಂತಿತು. ರಕ್ತಪರೀಕ್ಷೆ ಮೊದಲ ಮೂರು ತಿಂಗಳು ವಾರಕ್ಕೊಮ್ಮೆ ಎಂದಾಯಿತು. ನಮ್ಮ ಲ್ಯಾಬ್ ವರದಿಗಳಲ್ಲಿ ಎಸ್‌ಜಿಪಿಟಿ ಎಂದು ಅಚ್ಚಾಗುವ ಅಂಕಿಯೇ ಇಲ್ಲಿನ ಕಾವಲುಗಾರ; ವಿದೇಶಿ ವರದಿಗಳು ಅದನ್ನು ಎಎಲ್‌ಟಿ ಎನ್ನುತ್ತವೆ. ಹರ್ಕ್ಯುಲಿಸ್‌ನಲ್ಲಿ ಅದು ಸಹಜ ಮಿತಿಯ ಮೂರು ಪಟ್ಟು ದಾಟಿದ್ದು ಔಷಧ ಪಡೆದ ಶೇ 4ರಷ್ಟು ಮಂದಿಯಲ್ಲಿ, ಹುಸಿಮಾತ್ರೆ ಪಡೆದ ಶೇ 1.6ರಷ್ಟು ಮಂದಿಯಲ್ಲಿ. ಇಪ್ಪತ್ತು ಪಟ್ಟು ಮೀರಿದ್ದು ಶೇ 0.5ರಷ್ಟು ಮಂದಿಯಲ್ಲಿ, ಎಲ್ಲವೂ ಮೊದಲ 90 ದಿನಗಳೊಳಗೆ. ವಾರದ ಪರೀಕ್ಷೆ ಜಾರಿಗೆ ಬರುವ ಮುನ್ನ ತೊಂದರೆಗೊಳಗಾದ ಒಬ್ಬರು ಲಿವರ್ ಕಸಿಯ ನಂತರದ ತೊಡಕುಗಳಿಂದ ತೀರಿಕೊಂಡರು. ಶೇಕಡಾ ಅರ್ಧ ಎಂಬ ಸಣ್ಣ ಅಂಕಿಯ ಒಳಗೆ ಒಂದು ಮನೆ ಇದೆ ಎನ್ನುವುದನ್ನು ಓದುವಾಗ ಮರೆಯಬಾರದು.

ಎಸ್‌ಜಿಪಿಟಿ ಒಂದೇ ಏರಿದರೆ ಹೆಚ್ಚಾಗಿ ಲಿವರ್ ಚೇತರಿಸಿಕೊಳ್ಳುತ್ತದೆ. ಅದು ಮೂರು ಪಟ್ಟು ದಾಟಿ, ಜೊತೆಗೆ ಬಿಲಿರುಬಿನ್ ಎರಡು ಪಟ್ಟು ದಾಟಿ, ಬೇರೆ ಕಾರಣ ಕಾಣದಿದ್ದರೆ ಅಪಾಯದ ಗಂಟೆ. ಅಮೆರಿಕದ ಲಿವರ್ ತಜ್ಞ ಹೈಮನ್ ಝಿಮ್ಮರ್‌ಮನ್ ಗುರುತಿಸಿದ ಈ ಸೂತ್ರಕ್ಕೆ ಅವರ ನೆನಪಿನಲ್ಲಿ 'ಹೈಸ್ ಲಾ' ಎಂಬ ಹೆಸರು. ಹೀಗಾದವರಲ್ಲಿ ಹತ್ತಕ್ಕೊಬ್ಬರ ಜೀವಕ್ಕೇ ಸಂಚಕಾರ ಬರಬಹುದೆಂಬುದು ಅವರ ಅನುಭವದ ಮಾತು. ಕಣ್ಣು ಹಳದಿಯಾಗುವವರೆಗೆ ಕಾಯದೆ ರಕ್ತದಲ್ಲೇ ಕಾಮಾಲೆಯ ಹೆಜ್ಜೆ ಸದ್ದು ಕೇಳಿಸಿಕೊಳ್ಳುವುದು ವಾರದ ಪರೀಕ್ಷೆಯ ಕೆಲಸ.

"ಬೇರೆ ಕಾರಣ ಕಾಣದಿದ್ದರೆ" ಎಂಬಲ್ಲಿ ನಮ್ಮ ಅಡುಗೆಮನೆಯೂ ಬರುತ್ತದೆ. ಕೋವಿಡ್ ಕಾಲದಲ್ಲಿ ರೋಗನಿರೋಧಕ ಶಕ್ತಿಗೆಂದು ಅಮೃತಬಳ್ಳಿಯ ಕಷಾಯ ಮನೆಮನೆಯಲ್ಲಿ ಕುದಿಯಿತು. 2021ರಲ್ಲಿ ಮುಂಬೈಯ ವೈದ್ಯರು ಅದನ್ನು ಕುಡಿದ ಕೆಲವರಲ್ಲಿ ಲಿವರ್ ಪೆಟ್ಟನ್ನು ವರದಿ ಮಾಡಿದರು. ಆಯುಷ್ ಸಚಿವಾಲಯ ಆಕ್ಷೇಪಿಸಿತು. ಮರುವರ್ಷ ದೇಶದ ಹಲವು ಆಸ್ಪತ್ರೆಗಳು ಸೇರಿ 43 ರೋಗಿಗಳ ವಿವರ ಪ್ರಕಟಿಸಿದವು. ಅವರಲ್ಲಿ ಅನೇಕರಿಗೆ ಒಳಗೊಳಗೇ ಆಟೊಇಮ್ಯೂನ್ ಲಿವರ್ ಕಾಯಿಲೆ ಇದ್ದು, ಕಷಾಯ ಅದನ್ನು ಕೆರಳಿಸಿದಂತಿತ್ತು. ಎಂಎಸ್ ಕೂಡ ರಕ್ಷಣಾ ವ್ಯವಸ್ಥೆ ತಿರುಗಿಬಿದ್ದ ಕಾಯಿಲೆಯೇ. ಅದನ್ನು ತಗ್ಗಿಸಲು ಒಂದು ಮಾತ್ರೆ, ಹೆಚ್ಚಿಸಲು ಒಂದು ಕಷಾಯ, ಎರಡೂ ಒಂದೇ ಹೊಟ್ಟೆಗೆ ಹೋದರೆ ವಾರದ ವರದಿ ಯಾವುದರ ಕಥೆ ಹೇಳುತ್ತಿದೆಯೆಂದು ತಿಳಿಯುವುದು ಹೇಗೆ? ಹಿತ್ತಲ ಬಳ್ಳಿಯನ್ನು ಬಹಳ ಮಂದಿ ಔಷಧವೆಂದೇ ಎಣಿಸುವುದಿಲ್ಲ. "ಬೇರೆ ಏನಾದರೂ ಮಾತ್ರೆ ತಗೊಳ್ತೀರಾ" ಎಂದು ಕೇಳಿದರೆ "ಇಲ್ಲ" ಎನ್ನುತ್ತಾರೆ. "ಬೆಳಿಗ್ಗೆ ಖಾಲಿ ಹೊಟ್ಟೆಗೆ ಏನು ಕುಡೀತೀರಿ" ಎಂದು ಕೇಳಬೇಕು.

ಟೋಲೆಬ್ರುಟಿನಿಬ್ ಪರಿಶೀಲನೆಯ ಗಡುವನ್ನು ಎಫ್‌ಡಿಎ 2025ರ ಸೆಪ್ಟೆಂಬರ್‌ನಿಂದ ಡಿಸೆಂಬರ್‌ಗೆ ಮುಂದೂಡಿತು. ಆ ಡಿಸೆಂಬರ್‌ನಲ್ಲೇ ಪ್ರೈಮರಿ ಪ್ರೋಗ್ರೆಸಿವ್ ರೋಗಿಗಳ 'ಪರ್ಸಿಯಸ್' ಪ್ರಯೋಗ ಗುರಿ ಮುಟ್ಟಲಿಲ್ಲವೆಂದು ತಯಾರಕರಾದ ಸನೋಫಿ ಪ್ರಕಟಿಸಿದರು. ಅದೇ ಗುಂಪಿನ ಎವೊಬ್ರುಟಿನಿಬ್, ಫೆನೆಬ್ರುಟಿನಿಬ್ ಪ್ರಯೋಗಗಳಿಗೂ 2023ರಲ್ಲಿ ಲಿವರ್‌ನ ಕಾರಣಕ್ಕೇ ಭಾಗಶಃ ತಡೆ ಬಿದ್ದಿತ್ತು.

ಹಿಂದೆ ಸರಿದವು, ಮರಳಿ ಬಂದವು

ಡೋಸ್ ಹೆಚ್ಚಿಸಿದರೆ ಗುಣ ಹೆಚ್ಚುತ್ತದೆಂಬ ನಂಬಿಕೆಗೆ ಲಾಕ್ವಿನಿಮಾಡ್ ಬೆಲೆ ತೆತ್ತಿತು. ಕಡಿಮೆ ಡೋಸ್‌ನಲ್ಲಿ ಶಾಂತವಾಗಿದ್ದ ಈ ಮಾತ್ರೆಯ ಹೆಚ್ಚಿನ ಡೋಸ್ ಪಡೆದವರಲ್ಲಿ ಹೃದಯ, ರಕ್ತನಾಳದ ತೊಂದರೆಗಳು ಕಂಡವು. ಪ್ರಯೋಗದ ಒಳಗಿನ ಅಂಕಿಗಳನ್ನು ಆಗಾಗ ಬಿಚ್ಚಿ ನೋಡುವ ಅಧಿಕಾರ ಸ್ವತಂತ್ರ ಸುರಕ್ಷತಾ ಸಮಿತಿಗೆ ಮಾತ್ರ ಇರುತ್ತದೆ. ಆ ನಿಗಾದಿಂದಾಗಿ 2016ರ ಆರಂಭದಲ್ಲಿ ಹೆಚ್ಚಿನ ಡೋಸ್‌ಗಳು ನಿಂತವು. ಕಡಿಮೆ ಡೋಸ್ ಮುಂದುವರಿಯಿತು, ಕೊನೆಗೆ ಅದೂ ಉಪಯೋಗ ತೋರಿಸಲಿಲ್ಲ.

ಕ್ಲಾಡ್ರಿಬಿನ್‌ನದು ತಿರುವಿನ ಕಥೆ. 2010ರಲ್ಲಿ ರಷ್ಯಾ, ಆಸ್ಟ್ರೇಲಿಯಾ ಒಪ್ಪಿದವು. ಕ್ಯಾನ್ಸರ್ ಶಂಕೆಯಿಂದ ಯುರೋಪ್, ಅಮೆರಿಕ ಒಪ್ಪಲಿಲ್ಲ. 2011ರಲ್ಲಿ ತಯಾರಕರೇ ಮಾತ್ರೆಯನ್ನು ಮಾರುಕಟ್ಟೆಯಿಂದ ಹಿಂತೆಗೆದುಕೊಂಡರು. ಪ್ರಯೋಗಕ್ಕೆ ಸೇರಿದ್ದವರನ್ನು ಮಾತ್ರ ವರ್ಷಗಟ್ಟಲೆ ಹಿಂಬಾಲಿಸಿ ಎಣಿಕೆ ನಡೆಯಿತು. ಯುರೋಪ್ 2017ರಲ್ಲಿ, ಅಮೆರಿಕ 2019ರಲ್ಲಿ ಒಪ್ಪಿದವು. ಅಮೆರಿಕದಲ್ಲಿ ಕ್ಯಾನ್ಸರ್ ಮತ್ತು ಗರ್ಭಕ್ಕೆ ಹಾನಿಯ ಎಚ್ಚರಿಕೆಯನ್ನು ಚೌಕಟ್ಟಿನಲ್ಲಿ ಮುದ್ರಿಸಲಾಗುತ್ತದೆ. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಗತ್ಯ ಔಷಧಗಳ ಪಟ್ಟಿಗೆ ಎಂಎಸ್‌ಗಾಗಿ ಸೇರಿದ ಮೂರರಲ್ಲಿ ಇದೊಂದು. ವಾಪಸಾದ ಔಷಧ ಮರಳಿ ಬರಲು ಬೇಕಾದದ್ದು ಜಾಹೀರಾತಲ್ಲ, ವರ್ಷಗಟ್ಟಲೆ ತಾಳ್ಮೆಯ ಲೆಕ್ಕ.

ಹಳೆಯ, ಅಗ್ಗದ ಮಾತ್ರೆಗಳನ್ನು ಹೊಸ ಕೆಲಸಕ್ಕೆ ಹಚ್ಚುವ ಪ್ರಯತ್ನವೂ ನಡೆದಿದೆ. ಕೊಲೆಸ್ಟರಾಲ್‌ಗೆ ಕೊಡುವ ಸಿಮ್ವಸ್ಟಾಟಿನ್ ದಿನಕ್ಕೆ 80 ಮಿಲಿಗ್ರಾಂ ಕೊಟ್ಟಾಗ 140 ಮಂದಿಯಲ್ಲಿ ಮಿದುಳು ಸೊರಗುವುದು ನಿಧಾನವಾಯಿತೆಂದು 2014ರಲ್ಲಿ ಬ್ರಿಟನ್ನಿನಿಂದ ವರದಿ ಬಂತು. 964 ಮಂದಿಯ ದೊಡ್ಡ ಪ್ರಯೋಗ 2024ರಲ್ಲಿ ಆ ಆಸೆಯನ್ನು ಕೈಬಿಡಿಸಿತು. ಇಲ್ಲಿಯ ಸುರಕ್ಷತೆಯ ಪ್ರಶ್ನೆ ಪಾಠ ಕಲಿಸುವಂಥದ್ದು. 80 ಮಿಲಿಗ್ರಾಂ ಸಿಮ್ವಸ್ಟಾಟಿನ್ ಸ್ನಾಯುವನ್ನು ಕೆಡಿಸಬಲ್ಲದೆಂದು ಎಫ್‌ಡಿಎ 2011ರಲ್ಲೇ ಮಿತಿ ಹಾಕಿತ್ತು. ಬಿಪಿಗೆ ಅಮ್ಲೊಡಿಪಿನ್ ತೆಗೆದುಕೊಳ್ಳುವವರಿಗೆ 20 ಮಿಲಿಗ್ರಾಂಗಿಂತ ಹೆಚ್ಚು ಕೂಡದು. ಮೊದಲೇ ಕಾಲು ಸೋತಿರುವ ಎಂಎಸ್ ರೋಗಿಗೆ ಸ್ನಾಯು ನೋವು, ಸೋಲು ಬಂದರೆ ಅದು ಕಾಯಿಲೆ ಮುಂದುವರಿದದ್ದೆಂದೇ ತೋರುತ್ತದೆ. ರಕ್ತದಲ್ಲಿ ಸ್ನಾಯುವಿನ ಹಾನಿ ತೋರಿಸುವ ಸಿಪಿಕೆ ನೋಡದೆ ಎರಡನ್ನೂ ಬೇರ್ಪಡಿಸಲಾಗದು.

ಬಯೋಟಿನ್‌ನದು ಇದಕ್ಕಿಂತ ವಿಚಿತ್ರ. ಕೂದಲುದುರುವುದಕ್ಕೆಂದು ಮೆಡಿಕಲ್ ಸ್ಟೋರ್‌ನಲ್ಲಿ ಸಿಗುವ ಈ ವಿಟಮಿನ್ನನ್ನು ದಿನಕ್ಕೆ 300 ಮಿಲಿಗ್ರಾಂನಂತೆ ಪ್ರೋಗ್ರೆಸಿವ್ ರೋಗಿಗಳಿಗೆ ಕೊಟ್ಟು ನೋಡಿದರು. 642 ಮಂದಿಯ ಪ್ರಯೋಗ ವಿಫಲವಾದದ್ದು 2020ರಲ್ಲಿ ಪ್ರಕಟವಾಯಿತು. ವಿಟಮಿನ್ ದೇಹಕ್ಕೆ ಹೆಚ್ಚೇನೂ ಮಾಡಲಿಲ್ಲ, ಕೆಡಿಸಿದ್ದು ಲ್ಯಾಬ್ ವರದಿಗಳನ್ನು. ಅನೇಕ ರಕ್ತಪರೀಕ್ಷೆಗಳು ಬಯೋಟಿನ್‌ನ ಅಂಟುಗುಣವನ್ನೇ ಬಳಸಿ ನಡೆಯುತ್ತವೆ. ರಕ್ತದಲ್ಲಿ ಅದು ತುಂಬಿಕೊಂಡಿದ್ದರೆ ಥೈರಾಯ್ಡ್ ಸರಿಯಿದ್ದವರಿಗೂ ಥೈರಾಯ್ಡ್ ಹೆಚ್ಚಿದೆ ಎಂದು ತೋರುತ್ತದೆ. ಹೃದಯಾಘಾತ ಹಿಡಿಯುವ ಟ್ರೊಪೊನಿನ್ ಪರೀಕ್ಷೆ ಸುಳ್ಳಾಗಿ ಕಡಿಮೆ ತೋರಿಸುತ್ತದೆ. ಎಫ್‌ಡಿಎ 2017ರ ನವೆಂಬರ್‌ನಲ್ಲಿ ಈ ಬಗ್ಗೆ ಎಚ್ಚರಿಸಿತು. ರಕ್ತ ಕೊಡುವ ಮುಂಚೆ ಲ್ಯಾಬ್‌ನ ಹುಡುಗನಿಗೆ ಕೂದಲಿನ ಮಾತ್ರೆಯ ವಿಷಯ ಹೇಳಬೇಕೆಂದು ಯಾರಿಗೆ ತಾನೆ ಹೊಳೆಯುತ್ತದೆ?

ಮಂಗಳೂರು ಕಲಿಸಿದ್ದು

ಸುರಕ್ಷತೆ ಮಾತ್ರೆಯಿಂದ ಶುರುವಾಗುವುದಿಲ್ಲ, ರೋಗದ ಹೆಸರನ್ನು ಸರಿಯಾಗಿ ಹೇಳುವುದರಿಂದ ಶುರುವಾಗುತ್ತದೆ. ಇದನ್ನು ಕರ್ನಾಟಕದಲ್ಲಿ ಎತ್ತಿ ತೋರಿಸಿದ್ದು ಮಂಗಳೂರಿನ ಕೆ.ಎಸ್. ಹೆಗ್ಡೆ ವೈದ್ಯಕೀಯ ಅಕಾಡೆಮಿಯ ನರರೋಗ ತಜ್ಞೆ ಲೇಖಾ ಪಂಡಿತ್ ಅವರ ತಂಡ. ಮಂಗಳೂರು ನಗರದಲ್ಲಿ ಲಕ್ಷಕ್ಕೆ 8.3 ಮಂದಿಗೆ ಎಂಎಸ್ ಇದೆಯೆಂದು ಅವರು 2014ರಲ್ಲಿ ಪ್ರಕಟಿಸಿದರು. ಜೊತೆಗೆ ಲಕ್ಷಕ್ಕೆ 2.6 ಮಂದಿಗೆ ನ್ಯೂರೊಮಯಲೈಟಿಸ್ ಆಪ್ಟಿಕಾ ಎಂಬ, ಎಂಎಸ್‌ನಂತೆಯೇ ಕಾಣುವ ಬೇರೆ ಕಾಯಿಲೆ ಇತ್ತು. ಅಂದರೆ ನಾಲ್ಕು ಜನ ರೋಗಿಗಳಲ್ಲಿ ಸುಮಾರು ಒಬ್ಬರದು ಎಂಎಸ್ ಅಲ್ಲ. ಪಾಶ್ಚಾತ್ಯ ದೇಶಗಳ ಬಿಳಿಯರಲ್ಲಿ ಆ ಕಾಯಿಲೆಯ ಪಾಲು ಇದಕ್ಕಿಂತ ಬಹಳ ಕಡಿಮೆ.

ಈ ವ್ಯತ್ಯಾಸಕ್ಕೆ ಜೀವದ ಬೆಲೆಯಿದೆ. ಫಿಂಗೋಲಿಮಾಡ್ ಅನ್ನು ತಪ್ಪಾಗಿ ನ್ಯೂರೊಮಯಲೈಟಿಸ್ ಆಪ್ಟಿಕಾ ರೋಗಿಗೆ ಕೊಟ್ಟಾಗ ಮಿದುಳಿನಲ್ಲಿ ದೊಡ್ಡ ಗಾಯಗಳಾದ ವರದಿಗಳು ಪೂರ್ವ ಏಷ್ಯಾದಿಂದ 2012ರಿಂದ ಬಂದಿವೆ. ಎರಡನ್ನೂ ಬೇರ್ಪಡಿಸುವುದು ಆಕ್ವಾಪೊರಿನ್-4 ವಿರುದ್ಧದ ಪ್ರತಿಕಾಯದ ರಕ್ತಪರೀಕ್ಷೆ. ಮಂಗಳೂರಿನ ತಂಡ ಅದರ ಮೇಲೂ ವರ್ಷಗಟ್ಟಲೆ ಕೆಲಸ ಮಾಡಿದೆ. ಯುರೋಪಿನ ಪ್ರಯೋಗದಲ್ಲಿ ಸುರಕ್ಷಿತವೆಂದು ಬರೆದ ಮಾತ್ರೆ ಇಲ್ಲಿಯೂ ಸುರಕ್ಷಿತವಾಗಬೇಕಾದರೆ ಈ ಒಂದು ರಕ್ತಪರೀಕ್ಷೆ ನಡುವೆ ನಿಂತಿರಬೇಕು. ಕ್ಷಯ, ಹೆಪಟೈಟಿಸ್-ಬಿ ಪರೀಕ್ಷೆಗಳದ್ದೂ ಇದೇ ಮಾತು. ರಕ್ಷಣಾ ಶಕ್ತಿ ತಗ್ಗಿದಾಗ ಮಲಗಿದ್ದ ಕ್ಷಯ ಏಳುವ ಭಯ ಸ್ವೀಡನ್ನಿಗಿಂತ ಇಲ್ಲಿ ಹೆಚ್ಚು.

ಪ್ರಯೋಗಗಳು ಯಾರನ್ನು ಎಣಿಸಲಿಲ್ಲ ಎಂಬುದೂ ಸುರಕ್ಷತೆಯ ಮಾಹಿತಿಯೇ. ಎಕ್ಸ್‌ಪ್ಯಾಂಡ್, ಹರ್ಕ್ಯುಲಿಸ್ ಎರಡೂ 60 ವರ್ಷದವರೆಗಿನವರನ್ನು, ಆಸರೆ ಹಿಡಿದಾದರೂ ಕೆಲವು ಹೆಜ್ಜೆ ನಡೆಯಬಲ್ಲವರನ್ನು ಮಾತ್ರ ಸೇರಿಸಿಕೊಂಡವು. ಗಾಲಿಕುರ್ಚಿಯಲ್ಲಿರುವ, 65 ದಾಟಿದ, ಸಕ್ಕರೆ ಕಾಯಿಲೆಯೂ ಇರುವ ಅಜ್ಜಿಯ ಮೈಯಲ್ಲಿ ಆ ಮಾತ್ರೆ ಏನು ಮಾಡುತ್ತದೆಂದು ಆ ಅಂಕಿಗಳು ಹೇಳಲಾರವು. ವಯಸ್ಸಾದಂತೆ ಸೋಂಕಿನ ಅಪಾಯ ಏರುತ್ತದೆ, ಉರಿಯೂತ ತಗ್ಗಿಸುವ ಔಷಧದ ಉಪಯೋಗ ಇಳಿಯುತ್ತದೆ. ಬ್ರಿಟನ್ನಿನ 'ಚಾರಿಯಟ್ ಎಂಎಸ್' ಪ್ರಯೋಗ ಗಾಲಿಕುರ್ಚಿ ಬಳಸುವವರನ್ನೂ ಒಳಗೊಂಡು, ಕಾಲಿನ ಬದಲು ಕೈಯ ಶಕ್ತಿಯನ್ನು ಅಳೆಯುವುದು ಈ ಕೊರತೆಗೆ ಕೊಟ್ಟ ಒಂದು ಉತ್ತರ. ತುತ್ತು ಬಾಯಿಗಿಡಲು, ಫೋನ್ ಒತ್ತಲು ಆಗುವ ಕೈ ಉಳಿಯುವುದೂ ಬದುಕಿನ ದೊಡ್ಡ ಆಸ್ತಿ.

ಕಾಗದದ ಮೇಲಿನ ಹಕ್ಕುಗಳು

ಭಾರತದಲ್ಲಿ ಪ್ರಯೋಗಗಳು 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳಡಿ ನಡೆಯುತ್ತವೆ. ಗಂಭೀರ ತೊಂದರೆ ಕಂಡರೆ ಪ್ರಯೋಗದ ವೈದ್ಯರು 24 ಗಂಟೆಯೊಳಗೆ ಔಷಧ ನಿಯಂತ್ರಕರಿಗೆ, ಪ್ರಾಯೋಜಕರಿಗೆ ಮತ್ತು ಎಥಿಕ್ಸ್ ಕಮಿಟಿಗೆ ತಿಳಿಸಬೇಕು, 14 ದಿನದೊಳಗೆ ವಿಶ್ಲೇಷಣೆ ಕೊಡಬೇಕು. ಪ್ರಯೋಗದಿಂದ ಹಾನಿಯಾದರೆ ಉಚಿತ ಚಿಕಿತ್ಸೆ, ಪರಿಹಾರ ಎರಡೂ ಹಕ್ಕು. ಪ್ರತಿ ಪ್ರಯೋಗವೂ ಐಸಿಎಂಆರ್ ನಡೆಸುವ ಸಿಟಿಆರ್‌ಐ ನೋಂದಣಿಯಲ್ಲಿ ಇರಬೇಕು. 2007ರಲ್ಲಿ ಆರಂಭವಾದ ಅದು 2009ರ ಜೂನ್‌ನಿಂದ ಕಡ್ಡಾಯ. ಒಪ್ಪಿಗೆ ಪತ್ರ ರೋಗಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು, ಯಾವಾಗ ಬೇಕಾದರೂ ಹೊರನಡೆಯುವ ಸ್ವಾತಂತ್ರ್ಯ ಅದರಲ್ಲಿ ಬರೆದಿರಬೇಕು. ಸಹಿ ಹಾಕುವ ಮುಂಚೆ ಪತ್ರವನ್ನು ಮನೆಗೆ ಒಯ್ದು ಮಕ್ಕಳ ಹತ್ತಿರ ಓದಿಸಿಕೊಳ್ಳುತ್ತೇನೆ ಎನ್ನುವುದು ಅವಿಧೇಯತೆ ಅಲ್ಲ.

ಪ್ರಯೋಗಕ್ಕೆ ಸೇರದವರ ಪಾಲಿಗೂ ಎಣಿಕೆ ಇದೆ. ಫಿಂಗೋಲಿಮಾಡ್, ಟೆರಿಫ್ಲುನೊಮೈಡ್, ಡೈಮಿಥೈಲ್ ಫ್ಯೂಮರೇಟ್‌ಗಳನ್ನು ಭಾರತೀಯ ಕಂಪನಿಗಳೂ ತಯಾರಿಸುತ್ತವೆ, ಸಾವಿರಾರು ಮನೆಗಳಲ್ಲಿ ಅವುಗಳ ಬಳಕೆ ನಡೆದಿದೆ. ಅಲ್ಲಿ ಕಾಣುವ ತೊಂದರೆಗಳನ್ನು ಕೂಡಿಸುವುದು 2010ರಲ್ಲಿ ಆರಂಭವಾದ, ಗಾಜಿಯಾಬಾದ್‌ನ ಭಾರತೀಯ ಫಾರ್ಮಕೋಪಿಯಾ ಆಯೋಗದಿಂದ ನಡೆಯುವ ಫಾರ್ಮಕೊವಿಜಿಲೆನ್ಸ್ ಕಾರ್ಯಕ್ರಮ. ವೈದ್ಯರಷ್ಟೇ ಅಲ್ಲ, ರೋಗಿಯೂ ಮನೆಯವರೂ ನೇರವಾಗಿ ತಿಳಿಸಬಹುದು. ಅದಕ್ಕೊಂದು ಸರಳ ಅರ್ಜಿ ಕನ್ನಡದಲ್ಲೂ ಇದೆ, 1800-180-3024 ಎಂಬ ಉಚಿತ ದೂರವಾಣಿಯೂ ಇದೆ. ಕೇಳುವುದು ಹೆಚ್ಚೇನಿಲ್ಲ: ಹೆಸರಿನ ಮೊದಲಕ್ಷರ, ವಯಸ್ಸು, ಯಾವ ಮಾತ್ರೆ, ಯಾವ ದಿನ ಶುರುವಾಯಿತು, ಏನಾಯಿತು, ಈಗ ಹೇಗಿದೆ.

ಅದನ್ನು ಸರಿಯಾಗಿ ತುಂಬಲು ಒಂದು ಸಾದಾ ನೋಟ್‌ಬುಕ್ ಸಾಕು. ಮಾತ್ರೆ ಶುರುವಾದ ತಾರೀಖು, ಪ್ರತಿ ಎಸ್‌ಜಿಪಿಟಿ ಅಂಕಿ, ಜ್ವರ ಬಂದ ದಿನ, ಬಿದ್ದ ದಿನ, ಡೋಸ್ ತಪ್ಪಿದ ದಿನ. ಬಿಸಿಲಿನ ದಿನವನ್ನೂ ಬರೆದಿಡುವುದು ಒಳ್ಳೆಯದು. ಮೈಯ ಉಷ್ಣ ಏರಿದಾಗ ಮಯಲಿನ್ ಕಳೆದುಕೊಂಡ ನರಗಳು ತಾತ್ಕಾಲಿಕವಾಗಿ ಸೋಲುತ್ತವೆ. ಏಪ್ರಿಲ್ ಮಧ್ಯಾಹ್ನ ತುಮಕೂರು ರಸ್ತೆಯ ಬಸ್‌ಸ್ಟಾಪಿನಲ್ಲಿ ಅರ್ಧ ಗಂಟೆ ನಿಂತು ಆಸ್ಪತ್ರೆ ತಲುಪಿದವರ ಕಾಲು ಅಂದು ಎಳೆಯುತ್ತಿದ್ದರೆ, ನೋಟ್‌ಬುಕ್‌ನಲ್ಲಿ "ಬಿಸಿಲು, ಬಸ್ಸು ತಡ" ಎಂಬ ಎರಡು ಮಾತಿದ್ದರೆ, ವೈದ್ಯರು ಫ್ಯಾನಿನ ಕೆಳಗೆ ಒಂದು ಲೋಟ ತಣ್ಣೀರು ಕೊಟ್ಟು ಕೂರಿಸಿ, ಮುಕ್ಕಾಲು ಗಂಟೆ ಬಿಟ್ಟು ಇಪ್ಪತ್ತೈದು ಅಡಿಯ ನಡಿಗೆಯನ್ನು ಮತ್ತೊಮ್ಮೆ ಅಳೆಯುತ್ತಾರೆ.